ಹಾಲ್‌ಮಾರ್ಕಿನ ಹಾಲ್ ಎಲ್ಲಿದೆ?

ಮದುವೆಗೆಂದು ಬಳೆ ಕೊಳ್ಳಲು ಬೆಂಗಳೂರಿನ ಚಿಕ್ಕಪೇಟೆಗೆ ಹೋದವರು ಮೊದಲು ಕೇಳುವುದು ಗ್ರಾಂ ದರ, ಆಮೇಲೆ ಮಜೂರಿ, ಆಮೇಲೆ ವೇಸ್ಟೇಜು. ಚೌಕಾಸಿಯೆಲ್ಲ ಮುಗಿದು ಬಿಲ್ಲು ಬರೆಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಬರುತ್ತದೆ: ‘ಹಾಲ್‌ಮಾರ್ಕ್ ಇದೆ ತಾನೇ?’ ಅಂಗಡಿಯವರು ಭೂತಗನ್ನಡಿ ಮುಂದೆ ಮಾಡುತ್ತಾರೆ. ಬಳೆಯ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಮೂರು ಗುರುತುಗಳಿರುತ್ತವೆ. ತ್ರಿಕೋನದ ಬಿಐಎಸ್ ಲಾಂಛನ, 22ಕೆ916 ಎಂಬ ಬರಹ, ಅಕ್ಷರ ಅಂಕಿ ಬೆರೆತ ಆರು ಸ್ಥಾನಗಳ ಒಂದು ಸಂಕೇತ. ಗಾಜಿನಲ್ಲಿ ಇಣುಕಿ ತಲೆಯಾಡಿಸಿದವರಲ್ಲಿ ಎಷ್ಟೋ ಜನಕ್ಕೆ ಅದು ಸರಿಯಾಗಿ ಕಂಡಿರುವುದೇ ಇಲ್ಲ. ಆದರೂ ಮನಸ್ಸಿಗೆ ಸಮಾಧಾನ.

ಈ ಮಾತನ್ನು ಕನ್ನಡಕ್ಕೆ ತರುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಲಿನಷ್ಟು ಶುದ್ಧ ಎಂಬರ್ಥ ಕನ್ನಡದ ಕಿವಿಗೆ ಕೇಳಿಸಿದರೂ ಕೇಳಿಸೀತು, ಅದರಿಂದ ವ್ಯಾಪಾರಕ್ಕೇನೂ ನಷ್ಟವಿಲ್ಲ. ಅಸಲಿಗೆ ಆ ‘ಹಾಲ್’ ಒಂದು ಕಟ್ಟಡ, ಅದಕ್ಕೊಂದು ವಿಳಾಸವೂ ಇದೆ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಿಂದ ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಫಾಸ್ಟರ್ ಲೇನ್ ಎಂಬ ಓಣಿಯಲ್ಲಿ ಗೋಲ್ಡ್‌ಸ್ಮಿತ್ಸ್ ಹಾಲ್ ನಿಂತಿದೆ. ಲಂಡನ್ನಿನ ಅಕ್ಕಸಾಲಿಗರ ಸಂಘ ಆ ಜಾಗದಲ್ಲಿ ನೆಲೆಯೂರಿದ್ದು 1339ರಲ್ಲಿ. ಈಗಿರುವುದು ಅಲ್ಲಿ ಎದ್ದ ಮೂರನೆಯ ಕಟ್ಟಡ, 1835ರದು. ಆ ಹಾಲ್‌ಗೆ ಒಯ್ದು ಹೊಡೆಸಿದ ಮುದ್ರೆ ಎಂಬುದಷ್ಟೇ ಹಾಲ್‌ಮಾರ್ಕ್ ಎಂಬ ಮಾತಿನ ಹುಟ್ಟು.

‘ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆ ನಮ್ಮಲ್ಲಿದೆ. ಪ್ರಾಮಾಣಿಕವಾಗಿ ಬದುಕಿದ ಎಷ್ಟೋ ಕಸುಬುದಾರರಿಗೆ ಇದು ಅನ್ಯಾಯದ ಮಾತು. ಆದರೆ ಗಾದೆ ಹುಟ್ಟಿದ್ದೇಕೆ ಎಂಬುದು ಮಾತ್ರ ಸ್ಪಷ್ಟವಾಗಿದೆ. ಅಕ್ಕಿಯಲ್ಲಿ ಕಲ್ಲಿದ್ದರೆ ಹಲ್ಲಿಗೆ ಸಿಗುತ್ತದೆ, ಹಾಲಿಗೆ ನೀರು ಬೆರೆತರೆ ನಾಲಿಗೆಗೆ ಗೊತ್ತಾಗುತ್ತದೆ. ಚಿನ್ನಕ್ಕೆ ಎರಡು ಗುಲಗಂಜಿ ತಾಮ್ರ ಹೆಚ್ಚಾಗಿ ಸೇರಿದರೆ ಕೊಳ್ಳುವವರ ಕಣ್ಣಿಗೂ ಕೈಗೂ ಗೊತ್ತಾಗದು. ಗೊತ್ತಿರುವವನು ಮಾಡಿದವನೊಬ್ಬನೇ. ಕೌಟಿಲ್ಯನ ಅರ್ಥಶಾಸ್ತ್ರ ಅಕ್ಕಸಾಲಿಗರ ಕೈಚಳಕಗಳನ್ನೆಲ್ಲ ಎಣಿಸಿ, ಅವರ ಮೇಲೆ ಕಣ್ಣಿಡಲು ಅಧಿಕಾರಿಗಳನ್ನು ನೇಮಿಸುವುದು ಈ ಕಾರಣಕ್ಕೇ. ಮಧ್ಯಯುಗದ ಲಂಡನ್ನಿನಲ್ಲೂ ಅನುಮಾನ ಇದೇ ಇತ್ತು. ಆದರೆ ಅಲ್ಲಿ ಅದಕ್ಕೆ ಉತ್ತರ ಕೊಡುವ ಹೊಣೆ ಕೊನೆಗೆ ಬಿದ್ದದ್ದು ಕಸುಬುದಾರರ ಹೆಗಲಿಗೇ.

ಸಂಘ ಶುರುವಾದದ್ದೇನೂ ಗೌರವದಿಂದಲ್ಲ. 1180ರಲ್ಲಿ ಎರಡನೇ ಹೆನ್ರಿ ತನ್ನ ಅಪ್ಪಣೆಯಿಲ್ಲದೆ ಕಟ್ಟಿಕೊಂಡ ಕೂಟಗಳಿಗೆಲ್ಲ ದಂಡ ಹಾಕಿದಾಗ, ದಂಡ ತೆತ್ತವರ ಪಟ್ಟಿಯಲ್ಲಿ ಅಕ್ಕಸಾಲಿಗರೂ ಇದ್ದರು. ಚರಿತ್ರೆಯಲ್ಲಿ ಅವರ ಹೆಸರು ಮೊದಲು ಕಾಣಿಸುವುದು ಹೀಗೆ, ತಪ್ಪಿತಸ್ಥರಾಗಿ. 1300ರಲ್ಲಿ ಒಂದನೇ ಎಡ್ವರ್ಡ್‌ನ ಶಾಸನ ಬಂತು. ಬೆಳ್ಳಿ ಸ್ಟರ್ಲಿಂಗ್ ಮಟ್ಟಕ್ಕೆ, ಅಂದರೆ ನೂರಕ್ಕೆ ತೊಂಬತ್ತೆರಡೂವರೆ ಪಾಲಿಗೆ, ಕಡಿಮೆ ಇರಕೂಡದು. ಚಿನ್ನ ‘ಪ್ಯಾರಿಸ್ಸಿನ ಒರೆ’ಗಿಂತ ಕಡಿಮೆ ಇರಕೂಡದು. ಪ್ಯಾರಿಸ್ಸಿನ ಒರೆಯೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 19.2 ಕ್ಯಾರೆಟ್. ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡುವ ವಿದ್ಯೆ ಅವರಿಗೂ ಗೊತ್ತಿತ್ತು, ಇಂಗ್ಲಿಷಿನಲ್ಲಿ ಅದಕ್ಕೆ ‘ಟಚ್’ ಎಂದು ಹೆಸರು. ಕನ್ನಡದಲ್ಲಿ ಸ್ನೇಹವನ್ನೂ ವಾದವನ್ನೂ ಒರೆಗೆ ಹಚ್ಚುತ್ತೇವಲ್ಲ, ಅದೇ ಕಲ್ಲು.

ಶಾಸನದಲ್ಲಿ ಎದ್ದು ಕಾಣುವ ಸಂಗತಿ ಇನ್ನೊಂದಿದೆ. ಅಂಗಡಿ ಅಂಗಡಿಗೆ ಹೋಗಿ ಒರೆ ಹಚ್ಚುವ ಕೆಲಸವನ್ನು ಅರಸ ತನ್ನ ಸಿಪಾಯಿಗಳಿಗೆ ಕೊಡಲಿಲ್ಲ, ಕಸುಬಿನ ಹಿರಿಯರಾದ ‘ವಾರ್ಡನ್’ಗಳಿಗೆ ಕೊಟ್ಟ. ಸರಿಯಿದ್ದ ಮಾಲಿಗೆ ಅವರು ಚಿರತೆಯ ತಲೆಯ ಮುದ್ರೆ ಹೊಡೆಯಬೇಕು. ಹೆಸರಿಗೆ ಚಿರತೆಯಾದರೂ ಮುಖ ಸಿಂಹದ್ದೇ. ಹಳೆಯ ಫ್ರೆಂಚ್ ಲಾಂಛನ ಭಾಷೆಯಲ್ಲಿ ನೇರ ನಿಮ್ಮತ್ತ ನೋಡುವ ಸಿಂಹವನ್ನು ಚಿರತೆ ಎನ್ನುತ್ತಿದ್ದರು. ಆ ಮುಖ ಇವತ್ತಿಗೂ ಲಂಡನ್ನಿನ ಪರೀಕ್ಷಾ ಕಚೇರಿಯ ಗುರುತು. 1327ರಲ್ಲಿ ಮೂರನೇ ಎಡ್ವರ್ಡ್ ಸಂಘಕ್ಕೆ ಸನ್ನದು ಕೊಟ್ಟ. 1363ರಿಂದ ಪ್ರತಿಯೊಬ್ಬ ಕಸುಬುದಾರನೂ ತನ್ನದೇ ಮುದ್ರೆ ಹಾಕಬೇಕೆಂಬ ನಿಯಮ ಬಂತು. ಓದು ಬರಹ ಬಾರದವರೇ ಹೆಚ್ಚಿದ್ದ ಕಾಲ, ಹಾಗಾಗಿ ಆ ಮುದ್ರೆಗಳಲ್ಲಿ ಅಕ್ಷರಕ್ಕಿಂತ ಚಿತ್ರಗಳೇ ಹೆಚ್ಚು.

ಹಿರಿಯರೇ ಕಿರಿಯರನ್ನು ಪರೀಕ್ಷಿಸುವ ಈ ಏರ್ಪಾಟಿನಲ್ಲಿ ತೂತು ಎಲ್ಲಿದೆ ಎಂದು ಊಹಿಸುವುದು ಕಷ್ಟವಲ್ಲ. ಬೀಗರ ಅಂಗಡಿಗೆ ಹೋದ ವಾರ್ಡನ್ ಒರೆಗಲ್ಲನ್ನು ಎಷ್ಟು ಜೋರಾಗಿ ಉಜ್ಜಿಯಾನು? 1477ರ ಕಾನೂನು ಅಲ್ಲಿಗೇ ಕೈ ಹಾಕಿತು. ಕಳಪೆ ಮಾಲಿಗೆ ಮುದ್ರೆ ಬಿದ್ದದ್ದು ಗೊತ್ತಾದರೆ ದಂಡ ಮಾಡಿದವನಿಗಷ್ಟೇ ಅಲ್ಲ, ಸಂಘಕ್ಕೇ. ಕಿಸೆಗೆ ಕತ್ತರಿ ಬಿದ್ದಾಗ ಬುದ್ಧಿ ಚುರುಕಾಗುತ್ತದೆ. ಮರುವರ್ಷವೇ ಸಂಘ ಸಂಬಳದ ಪರೀಕ್ಷಕನೊಬ್ಬನನ್ನು ನೇಮಿಸಿ ಹಾಲ್‌ನಲ್ಲಿ ಕೂರಿಸಿತು. ಅಂಗಡಿಗೆ ವಾರ್ಡನ್ ಹೋಗುವ ಬದಲು ಮಾಲೇ ಹಾಲ್‌ಗೆ ಬರಬೇಕು. ಜೊತೆಗೆ ವರ್ಷಕ್ಕೊಂದು ಅಕ್ಷರವನ್ನೂ ಮುದ್ರೆಯ ಸಾಲಿಗೆ ಸೇರಿಸಿದರು. ಮುಂದೆಂದಾದರೂ ತಕರಾರು ಎದ್ದರೆ ಯಾರ ಕಾಲದ ಪರೀಕ್ಷೆ ಅದು ಎಂದು ಹೆಸರು ಹಿಡಿದು ಕೇಳಲು.

ನಮ್ಮ ಅರವತ್ತು ಸಂವತ್ಸರಗಳು ಮುಗಿದು ಮತ್ತೆ ಪ್ರಭವ ಬರುತ್ತದಲ್ಲ, ಅವರದು ಇಪ್ಪತ್ತು ಅಕ್ಷರಗಳ ಅಂಥದೇ ಚಕ್ರವಾಗಿತ್ತು. ಒಂದು ಸುತ್ತು ಮುಗಿದರೆ ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟು ಬದಲಾಗುತ್ತಿದ್ದವು. ಜವಾಬ್ದಾರಿ ಗೊತ್ತು ಮಾಡಲು ಹುಟ್ಟಿದ ಈ ಅಕ್ಷರದಿಂದ ಹಳೆಯ ವಸ್ತುಗಳ ವ್ಯಾಪಾರಿಗಳಿಗೆ ಹಬ್ಬವಾಯಿತು. ಮುನ್ನೂರು ವರ್ಷ ಹಿಂದಿನ ಚಮಚವೊಂದು ಯಾವ ವರ್ಷದ್ದೆಂದು ಕರಾರುವಾಕ್ಕಾಗಿ ಹೇಳಬಹುದು. ನಮ್ಮ ಅಜ್ಜಿಯರ ಬೋರಮಾಳ, ಅವಲಕ್ಕಿ ಸರಗಳ ವಯಸ್ಸು ಹೇಳಲು ಅಜ್ಜಿಯ ನೆನಪೇ ಗತಿ.

ಹಾಲ್‌ನೊಳಗೆ ನಡೆಯುತ್ತಿದ್ದ ಪರೀಕ್ಷೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒರೆಗಲ್ಲು ಅಂದಾಜು ಹೇಳುತ್ತದೆ, ತೀರ್ಪು ಹೇಳುವುದು ಬೆಂಕಿ. ಒಡವೆಯ ಕಣ್ಣಿಗೆ ಬೀಳದ ಜಾಗದಿಂದ ಚೂಪು ಉಪಕರಣದಲ್ಲಿ ಚೂರು ಕೆರೆದು ತೆಗೆಯುತ್ತಾರೆ. ಚಿನ್ನವಾದರೆ ಅದನ್ನು ತೂಗಿ, ಲೆಕ್ಕದ ಬೆಳ್ಳಿ ಸೇರಿಸಿ, ಸೀಸದ ತೆಳು ಹಾಳೆಯಲ್ಲಿ ಕವಳದಂತೆ ಮಡಚುತ್ತಾರೆ. ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಗೆ ತಳ್ಳಿದರೆ, ಸುಮಾರು 1,100 ಡಿಗ್ರಿ ಶಾಖದಲ್ಲಿ ಸೀಸ ಕರಗಿ, ಬೆರಕೆಯ ತಾಮ್ರವನ್ನೂ ಕರೆದುಕೊಂಡು ಬಟ್ಟಲಿನ ಮೈಯೊಳಕ್ಕೆ ಇಂಗಿಹೋಗುತ್ತದೆ. ತಳದಲ್ಲಿ ಉಳಿಯುವುದು ಚಿನ್ನ ಬೆಳ್ಳಿಯ ಒಂದು ಮಣಿ. ಅದನ್ನು ಬಡಿದು ತೆಳ್ಳಗೆ ಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಚಿನ್ನವೊಂದೇ ಉಳಿಯುತ್ತದೆ. ಮತ್ತೆ ತೂಕ. ಮೊದಲಿನ ತೂಕಕ್ಕೂ ಈ ತೂಕಕ್ಕೂ ಇರುವ ಅನುಪಾತವೇ ಉತ್ತರ. ಸಾವಿರದಲ್ಲಿ 916 ಪಾಲು ಉಳಿದರೆ ಅದು 22 ಕ್ಯಾರೆಟ್, 22ನ್ನು 24ರಿಂದ ಭಾಗಿಸಿ ನೋಡಿ. ಪುಟಕ್ಕಿಟ್ಟ ಚಿನ್ನ ಎಂಬ ಮಾತಿನ ಹಿಂದಿರುವುದೂ ಬೆಂಕಿಯ ಇದೇ ಕೆಲಸ. ಪರೀಕ್ಷೆಯಲ್ಲಿ ಸೋತ ಪಾತ್ರೆಯನ್ನು ಜಜ್ಜಿ ಮುದ್ದೆ ಮಾಡಿ ಮಾಲೀಕನಿಗೆ ಹಿಂದಿರುಗಿಸುತ್ತಿದ್ದರು. ಕೆರೆದ ಚೂರಿನಲ್ಲಿ ಒಂದು ಪಾಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಎತ್ತಿಡುತ್ತಿದ್ದರು. ಅದು ಪರೀಕ್ಷಕನನ್ನೇ ಪರೀಕ್ಷಿಸಲು.

ಕಾವಲು ಇಷ್ಟಿದ್ದರೂ ಕಳ್ಳತನ ನಡೆಯಿತು. ಮುದ್ರೆಯನ್ನೇ ನಕಲು ಮಾಡಿದ ಇಬ್ಬರು ಅಕ್ಕಸಾಲಿಗರನ್ನು 1597ರಲ್ಲಿ ನಡುಬೀದಿಯ ಮರದ ಚೌಕಟ್ಟಿಗೆ ಸಿಗಿಸಿ, ಕಿವಿಗೆ ಮೊಳೆ ಹೊಡೆದು ನಿಲ್ಲಿಸಿದರು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಕೆಲ ವರ್ಷ ಈ ಅಪರಾಧಕ್ಕೆ ಗಲ್ಲು ಶಿಕ್ಷೆಯೂ ಇತ್ತು. ಆದರೆ ಚಾಣಾಕ್ಷರು ನಕಲಿ ಮುದ್ರೆಯ ತಂಟೆಗೇ ಹೋಗಲಿಲ್ಲ. 1720ರಿಂದ ಬೆಳ್ಳಿ ಪಾತ್ರೆಗಳ ಮೇಲೆ ಔನ್ಸಿಗೆ ಆರು ಪೆನ್ಸ್ ತೆರಿಗೆ ಬಂತು, ವಸೂಲಿಯೂ ಹಾಲ್‌ನಲ್ಲೇ. ಆಗ ಅವರು ಕಂಡುಕೊಂಡ ದಾರಿ ಹೀಗೆ: ಸಣ್ಣ ತಟ್ಟೆಯೊಂದನ್ನು ಹಾಲ್‌ಗೆ ಕಳಿಸಿ, ಚಿಲ್ಲರೆ ತೆರಿಗೆ ಕಟ್ಟಿ, ಅಸಲಿ ಮುದ್ರೆ ಹೊಡೆಸಿಕೊಳ್ಳುವುದು. ಆಮೇಲೆ ಮುದ್ರೆ ಬಿದ್ದ ತುಣುಕನ್ನು ಕತ್ತರಿಸಿ ದೊಡ್ಡ ಹೂಜಿಯ ತಳಕ್ಕೆ ಬೆಸುಗೆ ಹಾಕುವುದು. ಹೂಜಿಯ ತಳದ ಮೇಲೆ ಉಸಿರು ಬಿಟ್ಟರೆ ಬೆಸುಗೆಯ ಗೆರೆ ಕಾಣಿಸೀತೆಂದು ಹಳೆಯ ಬೆಳ್ಳಿ ಕೊಳ್ಳುವವರು ಇಂದಿಗೂ ಪರೀಕ್ಷಿಸುತ್ತಾರೆ.

ಇಂಥ ಆಟ ಆಡಿದವರಲ್ಲಿ ಆ ಶತಮಾನದ ಅತಿ ದೊಡ್ಡ ಬೆಳ್ಳಿ ಕೆಲಸಗಾರ ಪಾಲ್ ಡಿ ಲಾಮೆರಿಯ ಹೆಸರೂ ಕೇಳಿಬರುತ್ತದೆ. ಫ್ರಾನ್ಸಿನಲ್ಲಿ ಧರ್ಮದ ಕಿರುಕುಳ ತಾಳದೆ ಓಡಿಬಂದ ಹ್ಯೂಗನೋ ಮನೆತನದವನು. ಮುದ್ರೆ ಹಾಕಿಸದೆ ಮಾಲು ಮಾರಿದ್ದಕ್ಕೆ ಸಂಘ ಅವನನ್ನು ಕರೆಸಿ ದಂಡ ಹಾಕಿತ್ತು. ಅದೇ ಡಿ ಲಾಮೆರಿ ಮುಂದೆ ಸಂಘದ ಆಡಳಿತ ಮಂಡಳಿಯಲ್ಲಿ ಕೂತು, ಬೆಳ್ಳಿ ವ್ಯಾಪಾರದ ಮೋಸ ತಡೆಯಲು 1738ರ ಕಾನೂನು ರೂಪಿಸಿದ ಸಮಿತಿಯಲ್ಲೂ ಸೇರಿಕೊಂಡ. ಕಳ್ಳನ ಕೈಗೇ ಬೀಗದ ಕೈ ಎಂದು ನಗಬಹುದು. ಬೀಗ ಹೇಗೆ ತೆರೆಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು ಎಂದೂ ಕೇಳಬಹುದು.

ಗಂಡಸರದೇ ರಾಜ್ಯವಾಗಿದ್ದ ಆ ಹಾಲ್‌ನಲ್ಲಿ 1761ರಲ್ಲಿ ಹೆಸ್ಟರ್ ಬೇಟ್‌ಮನ್ ತನ್ನ ಮುದ್ರೆ ನೋಂದಾಯಿಸಿದಳು. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಸಹಿ ಮಾಡಲೂ ಬಾರದ ಈ ವಿಧವೆ ಮಕ್ಕಳನ್ನು ಕಟ್ಟಿಕೊಂಡು ಸುಮಾರು ಮೂವತ್ತು ವರ್ಷ ಕುಲುಮೆ ನಡೆಸಿದಳು. ಅವಳ ಮುದ್ರೆ ಇರುವ ಚಹದ ಕುಡಿಕೆಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ಸಂಘ ತನ್ನ ಹಕ್ಕನ್ನು ಹಂಚಿಕೊಳ್ಳಲು ಸುಲಭಕ್ಕೆ ಒಪ್ಪುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ತನ್ನ ಬೆಳ್ಳಿ ಸಾಮಾನನ್ನು ಮುದ್ರೆಗಾಗಿ ದೂರದ ಚೆಸ್ಟರ್‌ಗೆ ಕಳಿಸಬೇಕಿತ್ತು. ಅಲ್ಲಿಂದ ಮರಳುವಾಗ ಅದು ಉಜ್ಜಿ, ಬಾಗಿ, ಹಾಳಾಗಿರುತ್ತಿತ್ತು. ತಮ್ಮೂರಿಗೂ ಒಂದು ಪರೀಕ್ಷಾ ಕಚೇರಿ ಬೇಕೆಂದು ಅವನು ಪಾರ್ಲಿಮೆಂಟಿನ ಬಾಗಿಲು ತಟ್ಟಿದಾಗ ಲಂಡನ್ನಿನ ಸಂಘ ವಿರೋಧಿಸಿತು. ಹಳ್ಳಿಗಾಡಿನವರ ಪರೀಕ್ಷೆಯನ್ನು ನಂಬುವುದು ಹೇಗೆ ಎಂಬ ಧಾಟಿ. ಬೌಲ್ಟನ್ ಕಡೆಯವರು ಲಂಡನ್ನಿನಲ್ಲೇ ಮುದ್ರೆ ಬಿದ್ದ ಒಂದಿಷ್ಟು ಸಾಮಾನು ಕೊಂಡು ಪರೀಕ್ಷೆ ಮಾಡಿಸಿದರೆ ಬಹುಪಾಲು ಮಟ್ಟಕ್ಕಿಂತ ಕಡಿಮೆ! 1773ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡಕ್ಕೂ ಕಚೇರಿ ಸಿಕ್ಕಿತು. ಲಂಡನ್ನಿಗೆ ಬಂದ ಎರಡೂ ಊರಿನವರು ‘ಕ್ರೌನ್ ಅಂಡ್ ಆ್ಯಂಕರ್’ (ಕಿರೀಟ ಮತ್ತು ಲಂಗರು) ಎಂಬ ಪಾನಗೃಹದಲ್ಲಿ ಸೇರುತ್ತಿದ್ದರಂತೆ, ಕೊನೆಗೆ ನಾಣ್ಯ ಚಿಮ್ಮಿ ಗುರುತು ಹಂಚಿಕೊಂಡರಂತೆ. ಕತೆ ನಿಜವೋ ಸುಳ್ಳೋ, ಸಮುದ್ರದ ಗಾಳಿಯೂ ಸೋಕದ ಬರ್ಮಿಂಗ್‌ಹ್ಯಾಮಿನ ಬೆಳ್ಳಿಯ ಮೇಲೆ ಇಂದಿಗೂ ಹಡಗಿನ ಲಂಗರು ಇದೆ.

ಮೂರು ವರ್ಷದ ಬಳಿಕ, 1776ರಲ್ಲಿ, ಆ್ಯಡಂ ಸ್ಮಿತ್‌ನ ‘ವೆಲ್ತ್ ಆಫ್ ನೇಷನ್ಸ್’ ಬಂತು. ಕಸುಬುದಾರರ ಸಂಘಗಳನ್ನು ಅವನಷ್ಟು ನಿರ್ದಾಕ್ಷಿಣ್ಯವಾಗಿ ಝಾಡಿಸಿದವರು ಕಡಿಮೆ. ಏಳು ವರ್ಷದ ಶಿಷ್ಯವೃತ್ತಿ ಎಂಬುದು ಹೊಸಬರನ್ನು ಹೊರಗಿಡುವ ಹೂಟ, ಅದರಿಂದ ಕೊಳ್ಳುವವರಿಗೆ ಕಿಲುಬು ಕಾಸಿನ ಲಾಭವಿಲ್ಲ ಎಂಬುದು ಅವನ ವಾದ. ಆದರೆ ಅದೇ ಅಧ್ಯಾಯದಲ್ಲಿ ಅವನು ಬೆಳ್ಳಿಯ ಮೇಲಿನ ಮುದ್ರೆಯನ್ನು ಮೆಚ್ಚುತ್ತಾನೆ. ಕೊಳ್ಳುವವನಿಗೆ ನಿಜವಾದ ಭದ್ರತೆ ಕೊಡುವುದು ಅಂಥ ಗುರುತೇ ಹೊರತು ಶಿಷ್ಯವೃತ್ತಿಯ ಕಾನೂನಲ್ಲ ಎನ್ನುತ್ತಾನೆ. ಆಮೇಲೆ ನಡೆದದ್ದೂ ಹಾಗೆಯೇ. ಯಾರು ಕಸುಬು ಮಾಡಬೇಕು, ಯಾರು ಮಾಡಬಾರದು ಎಂದು ಹೇಳುವ ಅಧಿಕಾರ ಲಂಡನ್ನಿನ ಬಹುತೇಕ ಸಂಘಗಳ ಕೈಯಿಂದ ಜಾರಿತು. ಎಷ್ಟೋ ಸಂಘಗಳು ಊಟದ ಮನೆಗಳಾಗಿ, ದಾನದತ್ತಿಗಳಾಗಿ ಉಳಿದವು. ಅಕ್ಕಸಾಲಿಗರ ಕೈಯಲ್ಲಿ ಮಾತ್ರ ಕುಲುಮೆ, ತಕ್ಕಡಿ, ಮುದ್ರೆ ಉಳಿದುಕೊಂಡವು.

ಅರಸನ ನಾಣ್ಯವನ್ನು ಪರೀಕ್ಷಿಸುವ ಹಕ್ಕೂ ಉಳಿಯಿತು. ಹದಿಮೂರನೆಯ ಶತಮಾನದಿಂದ ನಡೆದು ಬಂದ ಈ ವಿಧಿಗೆ ‘ಟ್ರಯಲ್ ಆಫ್ ದ ಪಿಕ್ಸ್’ ಎಂದು ಹೆಸರು. ಟಂಕಸಾಲೆಯಿಂದ ವರ್ಷದುದ್ದಕ್ಕೂ ಎತ್ತಿಟ್ಟ ನಾಣ್ಯಗಳ ಪೆಟ್ಟಿಗೆಯನ್ನು ಅಕ್ಕಸಾಲಿಗರ ಪಂಚಾಯ್ತಿಯ ಮುಂದೆ ತೆರೆಯುತ್ತಾರೆ. ಎಣಿಸಿ, ತೂಗಿ, ಬೆಂಕಿಗಿಟ್ಟು, ನ್ಯಾಯಾಧೀಶರೆದುರು ತೀರ್ಪು ಹೇಳುತ್ತಾರೆ. 1710ರಲ್ಲಿ ಈ ಕಟಕಟೆಗೆ ಬಂದ ಟಂಕಸಾಲೆಯ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಐಸಾಕ್ ನ್ಯೂಟನ್. ಅವನ ಚಿನ್ನದ ನಾಣ್ಯ ಮಟ್ಟಕ್ಕಿಂತ ತುಸು ಕಡಿಮೆ ಎಂದು ಅಕ್ಕಸಾಲಿಗರು ಷರಾ ಬರೆದರು. ನ್ಯೂಟನ್ ಕೆರಳಿದ. ಲೆಕ್ಕ ಹಾಕಿ, ಪರೀಕ್ಷೆ ಮಾಡಿ, ತಪ್ಪು ನಾಣ್ಯದ್ದಲ್ಲ, ಹೋಲಿಸಿ ನೋಡಲು 1707ರಲ್ಲಿ ತಯಾರಿಸಿದ ಮಾದರಿ ತಗಡಿನಲ್ಲೇ ಚಿನ್ನ ಬೇಕಾದ್ದಕ್ಕಿಂತ ಹೆಚ್ಚು ಶುದ್ಧವಾಗಿದೆ ಎಂದು ವಾದಿಸಿದ. ಆ ತಗಡು ಮೂಲೆ ಸೇರಿ, 1688ರ ಹಳೆಯ ತಗಡೇ ಮತ್ತೆ ಬಳಕೆಗೆ ಬಂತು. ಗುರುತ್ವಾಕರ್ಷಣೆಯ ನಿಯಮ ಕಂಡುಹಿಡಿದವನನ್ನೂ ಒರೆಗೆ ಹಚ್ಚಿದವರು ಎಂಬ ಹೆಮ್ಮೆ ಆ ಹಾಲ್‌ಗೆ ಉಳಿಯಿತು. 1871ರಿಂದ ಈ ವಿಚಾರಣೆ ಪ್ರತಿವರ್ಷ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲೇ ನಡೆಯುತ್ತಿದೆ.

ಈಗ ಬ್ರಿಟನ್ನಿನಲ್ಲಿ ಪರೀಕ್ಷಾ ಕಚೇರಿಗಳು ನಾಲ್ಕು: ಲಂಡನ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್, ಎಡಿನ್‌ಬರೋ. 1973ರ ಕಾನೂನಿನಡಿ ಒಂದು ಗ್ರಾಂ ಮೀರಿದ ಒಡವೆಯನ್ನು ಮುದ್ರೆಯಿಲ್ಲದೆ ಚಿನ್ನವೆಂದು ಹೆಸರಿಸಿ ಮಾರುವಂತಿಲ್ಲ. ಬೆಳ್ಳಿಗೆ ಈ ಮಿತಿ 7.78 ಗ್ರಾಂ. ಮುದ್ರೆ ಹೊಡೆಯಲು ಲೇಸರ್ ಬಂದಿದೆ, ಪರೀಕ್ಷೆಗೆ ಎಕ್ಸ್‌ರೇ ಯಂತ್ರ ಬಂದಿದೆ. ಲಂಡನ್ ಕಚೇರಿ ಮಾತ್ರ ಇವತ್ತಿಗೂ ಆ ಹಳೆಯ ಸಂಘದ್ದೇ. ಸಂಘದ ಹಣ ವಿದ್ಯೆಯ ಕಡೆಗೂ ಹರಿದಿದೆ. 1891ರಲ್ಲಿ ನ್ಯೂ ಕ್ರಾಸ್‌ನಲ್ಲಿ ಅದು ತೆರೆದ ತಾಂತ್ರಿಕ ಶಾಲೆಯ ಜಾಗದಲ್ಲೇ ಲಂಡನ್ ವಿಶ್ವವಿದ್ಯಾಲಯದ ಇಂದಿನ ಗೋಲ್ಡ್‌ಸ್ಮಿತ್ಸ್ ಕಾಲೇಜು ಬೆಳೆಯಿತು, ಅಲ್ಲಿ ಕಲಿತವರಿಗೆ ಈ ಹೆಸರು ಎಲ್ಲಿಂದ ಬಂತೆಂದು ಯೋಚಿಸಲು ಪುರುಸೊತ್ತಿತ್ತೋ ಇಲ್ಲವೋ. 2012ರಲ್ಲಿ ಕ್ಲರ್ಕನ್‌ವೆಲ್‌ನಲ್ಲಿ ಗೋಲ್ಡ್‌ಸ್ಮಿತ್ಸ್ ಸೆಂಟರ್ ತೆರೆಯಿತು. ಅಲ್ಲಿ ಎಳೆಯರು ಗರಗಸ, ಸುತ್ತಿಗೆ ಹಿಡಿಯುವುದನ್ನು ಕಲಿಯುತ್ತಾರೆ. ಹಾಲ್‌ಗೆ ಬಂದು ಶಿಷ್ಯವೃತ್ತಿಯ ಕರಾರು ಪತ್ರಕ್ಕೆ ಸಹಿ ಹಾಕುವ ಪದ್ಧತಿ ಈಗಲೂ ಇದೆ. ಕಲಿಕೆ ಮುಗಿಸುವವರು ತಮ್ಮ ಕೈಯಾರೆ ಒಂದು ‘ಮಾಸ್ಟರ್‌ಪೀಸ್’ ಮಾಡಿ ತೋರಿಸಬೇಕು. ಆ ಪದಕ್ಕೆ ಮೊದಲಿದ್ದ ಅರ್ಥವೂ ಅದೇ.

2022ರ ನವೆಂಬರಿನಲ್ಲಿ ಮೂರನೇ ಚಾರ್ಲ್ಸ್ ಆ ಕೇಂದ್ರಕ್ಕೆ ಬಂದು, ತನ್ನ ಪಟ್ಟಾಭಿಷೇಕದ ಮೆರವಣಿಗೆಗೆಂದು ತಯಾರಾಗುತ್ತಿದ್ದ ವೇಲ್ಸ್ ಶಿಲುಬೆಯ ಬೆಳ್ಳಿಗೆ ಸುತ್ತಿಗೆಯಿಂದ ಹಾಲ್‌ಮಾರ್ಕ್ ಹೊಡೆದ. ಅಪ್ಪಣೆಯಿಲ್ಲದ ಕೂಟವೆಂದು ಒಬ್ಬ ಅರಸ ದಂಡ ಹಾಕಿ ಎಂಟೂವರೆ ಶತಮಾನ ಆಗುತ್ತಾ ಬಂದಿತ್ತು.

ಭಾರತಕ್ಕೆ ಬಂದದ್ದು ಮುದ್ರೆ, ಹಾಲ್ ಬರಲಿಲ್ಲ. ಇಲ್ಲಿ ಅಕ್ಕಸಾಲಿಗರಿಗೆ ಚಿನ್ನದ ಕಾನೂನು ಎಂದರೆ ಮೊದಲು ನೆನಪಾಗುವುದೇ 1963ರ ಚಿನ್ನ ನಿಯಂತ್ರಣ. ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ, 14 ಕ್ಯಾರೆಟ್ ಮೀರಿದ ಹೊಸ ಒಡವೆ ಮಾಡಕೂಡದೆಂದು ಅಪ್ಪಣೆ ಹೊರಟಿತು. ಚೀನಾ ಯುದ್ಧ ಮುಗಿದಿತ್ತು, ವಿದೇಶಿ ವಿನಿಮಯ ಬತ್ತಿತ್ತು, ಚಿನ್ನದ ಕಳ್ಳಸಾಗಣೆ ತಡೆಯಬೇಕಿತ್ತು. ಕಾರಣಗಳು ಏನೇ ಇರಲಿ, 14 ಕ್ಯಾರೆಟ್ಟಿನ ತಾಳಿ ಮಾಡಿಸಲು ಯಾರೂ ಬರಲಿಲ್ಲ. ದೇಶದುದ್ದಕ್ಕೂ ಕುಲುಮೆಗಳು ಆರಿದವು, ಅಕ್ಕಸಾಲಿಗರ ಆತ್ಮಹತ್ಯೆಗಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಿಗಿ ಆಮೇಲೆ ಸಡಿಲವಾದರೂ ಚಿನ್ನ ನಿಯಂತ್ರಣ ಕಾಯ್ದೆ ಪೂರ್ತಿ ರದ್ದಾದದ್ದು 1990ರಲ್ಲಿ.

ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಚಿನ್ನದ ಹಾಲ್‌ಮಾರ್ಕ್ ಶುರುಮಾಡಿದ್ದು 2000ದಲ್ಲಿ. ಇಷ್ಟವಿದ್ದವರು ಹಾಕಿಸಬಹುದಿತ್ತು. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. ಅದರ ಬೆನ್ನಿಗೇ ಎಚ್‌ಯುಐಡಿ ಎಂಬ ಆರು ಸ್ಥಾನಗಳ ಸಂಕೇತ ಬಂತು. ಒಡವೆಗೊಂದು ಸಂಖ್ಯೆ, ಒಂದರ ಸಂಖ್ಯೆ ಇನ್ನೊಂದಕ್ಕಿಲ್ಲ. ಕೆಲಸ ಹೆಚ್ಚುತ್ತದೆ, ತಡವಾಗುತ್ತದೆ ಎಂದು ಆ ಆಗಸ್ಟ್‌ನಲ್ಲಿ ಆಭರಣ ವ್ಯಾಪಾರಿಗಳು ಒಂದು ದಿನ ಅಂಗಡಿ ಮುಚ್ಚಿ ಪ್ರತಿಭಟಿಸಿದರು. 2023ರ ಏಪ್ರಿಲ್ 1ರಿಂದ ಈ ಸಂಕೇತವಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟದ ಸಣ್ಣ ಅಂಗಡಿಗಳಿಗೆ ವಿನಾಯ್ತಿ ಕೊಟ್ಟರು.

ವಿನಾಯ್ತಿ ಕೇಳಲು ಚೆನ್ನಾಗಿದೆ. ಆದರೆ ಹಾಲ್‌ಮಾರ್ಕ್ ಇದೆ ತಾನೇ ಎಂದು ಎಲ್ಲರೂ ಕೇಳುವ ಕಾಲದಲ್ಲಿ, ಅದು ಇಲ್ಲದ ಬಳೆಯನ್ನು ಊರಿನ ಆಚಾರಿ ಮಾರುವುದು ಹೇಗೆ? ತಲೆಮಾರುಗಳಿಂದ ಮನೆಮನೆಯ ಚಿನ್ನ ಕರಗಿಸಿ ಕಾಸಿನ ಸರ, ಗುಂಡು ಮಾಡಿಕೊಟ್ಟ ಮನುಷ್ಯನ ಮಾತೇ ಅವನ ಮುದ್ರೆಯಾಗಿತ್ತು. ಆ ಮಾತಿಗೆ ಪೇಟೆಯಲ್ಲಿ ಈಗ ಬೆಲೆ ಸಿಗುವುದು ಕಷ್ಟ. ಮುದ್ರೆ ಕೊಳ್ಳುವವರಿಗೆ ಒಳ್ಳೆಯದನ್ನೇ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಂಡನ್ನಿನಲ್ಲಿ ಪರೀಕ್ಷೆಯ ಹೊಣೆ ಹೊತ್ತವರು, ಅದರ ದಂಡ ತೆತ್ತವರು, ಕೊನೆಗೆ ಅದರ ಮರ್ಯಾದೆಯನ್ನೂ ಪಡೆದವರು ಕಸುಬಿನವರೇ. ಇಲ್ಲಿ ಪರೀಕ್ಷೆ ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳದ್ದು, ನೋಂದಣಿ ಅಂಗಡಿಯದ್ದು. ನಗರ್ತಪೇಟೆಯ ಇಕ್ಕಟ್ಟಿನ ಮಹಡಿಗಳಲ್ಲಿ ಊದುಗೊಳವೆ ಹಿಡಿದು ಕೂತ ಕಸುಬುದಾರನಿಗೆ ಈ ವ್ಯವಸ್ಥೆಯಲ್ಲಿ ಕುರ್ಚಿ ಇಲ್ಲ.

ಇಂಗ್ಲೆಂಡಿನಲ್ಲೂ ಕಸುಬುದಾರನ ಮುದ್ರೆ ಈಗ ‘ಪ್ರಾಯೋಜಕರ ಮುದ್ರೆ’ಯಾಗಿದೆ. ಅದು ಮಾಡಿದವನದೇ ಆಗಬೇಕೆಂದಿಲ್ಲ, ಮಾರಿದ ಕಂಪನಿಯದೂ ಆಗಬಹುದು. ಆದರೂ ಒಂಟಿಯಾಗಿ ಕೆಲಸ ಮಾಡುವ ಹುಡುಗಿಯೊಬ್ಬಳು ಹಾಲ್‌ಗೆ ಹೋಗಿ ತನ್ನ ಹೆಸರಿನ ಮೊದಲಕ್ಷರಗಳ ಮುದ್ರೆಯನ್ನು ನೋಂದಾಯಿಸಿ, ತಾನು ಮಾಡಿದ ಉಂಗುರದ ಮೇಲೆ ಚಿರತೆಯ ಪಕ್ಕದಲ್ಲಿ ಅದನ್ನು ಹೊಡೆಸಬಹುದು. ಚಿಕ್ಕಪೇಟೆಯಲ್ಲಿ ಕೊಂಡ ಬಳೆಯ ಆರು ಸ್ಥಾನದ ಸಂಕೇತವನ್ನು ಬಿಐಎಸ್ ಕೇರ್ ಆ್ಯಪಿಗೆ ಹಾಕಿ ನೋಡಿದರೆ, ಅಂಗಡಿಯ ನೋಂದಣಿ, ಮುದ್ರೆ ಹಾಕಿದ ಕೇಂದ್ರ, ಅದು ಯಾವ ಬಗೆಯ ಒಡವೆ, ಶುದ್ಧತೆ ಎಷ್ಟು ಎಂಬ ವಿವರ ಬರುತ್ತದೆ. ಬಳೆ ಮಾಡಿದವರು ಯಾರು ಎಂಬುದು ಬರುವುದಿಲ್ಲ.